ಉಗಿಬಂಡಿಗೆ ಮೊದಲು ಸೂರು, ಆಮೇಲೆ ಬೆಂಕಿ

1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರಿನಿಂದ ಥಾಣೆಗೆ ಹೊರಟ ರೈಲನ್ನು ಎಳೆದದ್ದು ಮೂರು ಉಗಿ ಎಂಜಿನ್‌ಗಳು. ಸಾಹಿಬ್, ಸಿಂಧ್, ಸುಲ್ತಾನ್. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಕೂತ ಯಾವ ಹುಡುಗನಿಗೂ ಈ ಹೆಸರುಗಳು ಬಾಯಿಪಾಠ. 14 ಡಬ್ಬಿ, 400 ಅತಿಥಿಗಳು, 21 ಕುಶಾಲತೋಪು, 34 ಕಿಲೋಮೀಟರ್ ದಾರಿ. ತಲುಪಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯಿತು. (ನಮ್ಮ ಇಂದಿನ ಸ್ಲೋ ಲೋಕಲ್ ಕೂಡ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ನಡುವೆ ನಿಲ್ದಾಣಗಳು ಹೆಚ್ಚಾಗಿವೆ ಎಂದು ಅದರ ಪರವಾಗಿ ಹೇಳಬಹುದು.) ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ ತಯಾರಾಗಿ ಹಡಗು ಹತ್ತಿ ಬಂದ ಎಂಟು ಎಂಜಿನ್‌ಗಳ ತಂಡ ಅದು. ಆ ಎಂಟರಲ್ಲಿ ಒಂದಾದರೂ ಇಂದು ಉಳಿದಿದೆಯೇ ಎಂದು ಕೇಳಿದರೆ, ಇಲ್ಲ.

ಈ ಗತಿ ಮುಂಬಯಿ-ಥಾಣೆಯ ನಮಗೇ ಏಕೆ ಎಂಬುದು ಯೋಚಿಸಬೇಕಾದ ಮಾತು. ಇದಾದ ಎರಡೇ ವರ್ಷಕ್ಕೆ, 1855ರಲ್ಲಿ, ಕಲ್ಕತ್ತೆಯ ಈಸ್ಟ್ ಇಂಡಿಯನ್ ರೈಲ್ವೆಗೆ ಲೀಡ್ಸ್ ನಗರದಿಂದ ಬಂದ 22ನೇ ನಂಬರಿನ ಎಂಜಿನ್ ಇಂದಿಗೂ ಇದೆ. ಅದೇ ಫೇರಿ ಕ್ವೀನ್. 1909ರಲ್ಲಿ ಕೆಲಸದಿಂದ ಬಿಡುಗಡೆಯಾದಾಗ ಯಾರೋ ಪುಣ್ಯಾತ್ಮರು ಅದನ್ನು ಗುಜರಿಗೆ ಹಾಕದೆ ಹೌರಾ ನಿಲ್ದಾಣದ ಹೊರಗೆ ಕಟ್ಟೆ ಕಟ್ಟಿ ನಿಲ್ಲಿಸಿದರು. 1943ರಲ್ಲಿ ಅದು ಉತ್ತರ ಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ ಹೋಯಿತು, ಅಲ್ಲಿಂದ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಬಂತು. 1997ರಲ್ಲಿ ದುರಸ್ತಿ ಮುಗಿದು ಪ್ರವಾಸಿಗರನ್ನು ಕೂರಿಸಿಕೊಂಡು ದೆಹಲಿಯಿಂದ ಅಲ್ವಾರ್‌ಗೆ ಓಡಿತು. ಎಂಟು ದಶಕಕ್ಕೂ ಹೆಚ್ಚು ಕಾಲ ಬೆಂಕಿ ಕಾಣದ ಯಂತ್ರ ಮತ್ತೆ ಓಡಿತೆಂದರೆ ಕಾರಣ ಹೌರಾದ ಆ ಕಟ್ಟೆ. ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದ ಎಂಜಿನ್‌ಗಳ ಬಗ್ಗೆ ಮುಂದೆ ಕೆಲವು ಕಟುಮಾತು ಬರಲಿವೆ. ಈ ಉಪಕಾರವನ್ನು ಮೊದಲೇ ನೆನೆದುಬಿಡುವುದು ಒಳ್ಳೆಯದು.

ಮುಂಬಯಿ-ಥಾಣೆ-ಕಲ್ಯಾಣ್ ಹಳಿಯಲ್ಲಿ ಉಗಿಬಂಡಿಯ ನೆನಪು ತೆಳುವಾಗಿರಲು ಇನ್ನೊಂದು ಕಾರಣವಿದೆ: ಇಲ್ಲಿಂದ ಉಗಿ ತುಂಬ ಬೇಗ ಹೊರಟುಹೋಯಿತು. 1925ರ ಫೆಬ್ರವರಿ 3ರಂದು ಮುಂಬಯಿಯ ವಿ.ಟಿ. ನಿಲ್ದಾಣದಿಂದ ಕುರ್ಲಾಗೆ ವಿದ್ಯುತ್ ರೈಲು ಓಡಿತು. 1930ರ ಹೊತ್ತಿಗೆ ಕಲ್ಯಾಣ್ ದಾಟಿ ಒಂದು ಕಡೆ ಪುಣೆ, ಇನ್ನೊಂದು ಕಡೆ ಇಗತಪುರಿವರೆಗೆ ತಂತಿ ಹಬ್ಬಿತು. ಕಲ್ಯಾಣ್ ಯಾರ್ಡಿನಲ್ಲಿ ಗೂಡ್ಸ್ ವ್ಯಾಗನ್ ಅತ್ತಿತ್ತ ತಳ್ಳುವುದಕ್ಕೆ ಉಗಿ ಎಂಜಿನ್ ಇನ್ನೂ ಎಷ್ಟೋ ಕಾಲ ಇದ್ದರೂ, ಪ್ರಯಾಣಿಕನ ಅಂಗಿಗೆ ಮಸಿ ಹತ್ತುವುದು ನಿಂತಿತು. 1916ರಲ್ಲಿ ತೆರೆದ ಪಾರಸಿಕ್ ಸುರಂಗವನ್ನೇ ನೋಡಿ. 1.3 ಕಿಲೋಮೀಟರ್ ಉದ್ದದ ಆ ಗವಿಯಲ್ಲಿ ಕಲ್ಲಿದ್ದಲ ಹೊಗೆಯ ನಡುವೆ ಮೂಗು ಮುಚ್ಚಿ ಕೂತವರು ಒಂದೇ ತಲೆಮಾರಿನವರು.

ಕರ್ನಾಟಕದ ನಮ್ಮೂರುಗಳ ಕತೆ ಬೇರೆ. ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ ಮೀಟರ್‌ಗೇಜ್ ಹಳಿಗಳ ಮೇಲೆ 1980ರ ದಶಕದಲ್ಲೂ ಉಗಿ ಎಂಜಿನ್ ಕೂಗುತ್ತಿತ್ತು. ಧಾರವಾಡ, ಬೆಳಗಾವಿ ಕಡೆಯಿಂದ ಮುಂಬಯಿಗೆ ಹೊಟ್ಟೆಪಾಡಿಗೆ ಹೊರಟವರು ಹಳೆಯ ಕಾಲದಲ್ಲಿ ಪುಣೆವರೆಗೆ ಸಣ್ಣ ಗಾಡಿಯಲ್ಲಿ ಕಣ್ಣಿಗೆ ಕಿಡಿ ಬೀಳಿಸಿಕೊಂಡು ಬಂದು, ಅಲ್ಲಿ ಟ್ರಂಕು ಇಳಿಸಿ ದೊಡ್ಡ ಗಾಡಿ ಹತ್ತಿದರೆ, ಬೋರ್‌ಘಾಟ್ ಇಳಿಸಿ ಕಲ್ಯಾಣ್‌ಗೆ ತರುತ್ತಿದ್ದದ್ದು ವಿದ್ಯುತ್ ಎಂಜಿನ್. ಡೊಂಬಿವಲಿ, ಥಾಣೆಯ ಕನ್ನಡ ಮನೆಗಳಲ್ಲಿ ಉಗಿಬಂಡಿಯ ಮಾತು ಬಂದರೆ ಹಿರಿಯರು ಊರಿನ ರೈಲನ್ನು ನೆನೆಯುತ್ತಾರೆಯೇ ಹೊರತು ಇಲ್ಲಿಯದನ್ನಲ್ಲ. 1979ರಲ್ಲೇ ಮೈಸೂರಿಗೆ ರೈಲು ವಸ್ತುಸಂಗ್ರಹಾಲಯ ಬಂತು, 2020ರಲ್ಲಿ ಹುಬ್ಬಳ್ಳಿಗೂ ಬಂತು. ಮುಂಬಯಿ-ಥಾಣೆ ಕಡೆಯ ಹಳಬರ ನೆನಪಿನಲ್ಲಿರುವುದು 1928ರಿಂದ ಘಾಟ್ ಹತ್ತಿಸುತ್ತಿದ್ದ ಹಸಿರು ಮೂತಿಯ ವಿದ್ಯುತ್ ಎಂಜಿನ್. ರೈಲ್ವೆಯವರು ಅದನ್ನು ‘ಖೇಕಡಾ’, ಅಂದರೆ ಏಡಿ, ಎಂದು ಕರೆಯುತ್ತಿದ್ದರು. ಅದರಲ್ಲೂ ಸರ್ ಲೆಸ್ಲೀ ವಿಲ್ಸನ್ ಎಂಬ ಹೆಸರಿನದನ್ನು ನೋಡಬೇಕೆಂದರೆ ದೆಹಲಿಗೆ ಹೋಗಬೇಕು.

ಹಾಗಿದ್ದರೂ ನಮ್ಮ ಪಾಲಿಗೆ ಒಂದು ಉಗಿಬಂಡಿಯ ಊರು ಉಳಿದಿದೆ. ಕಲ್ಯಾಣ್‌ನಲ್ಲಿ ಕರ್ಜತ್ ಲೋಕಲ್ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಬರುವ ನೇರಳ್. ಅಲ್ಲಿಂದ ಮಾಥೇರಾನ್ ಗುಡ್ಡಕ್ಕೆ ಎರಡಡಿ ಅಗಲದ ಪುಟ್ಟ ಹಳಿ ಹತ್ತುತ್ತದೆ. 1850ರಲ್ಲಿ ಆ ಗುಡ್ಡ ಹತ್ತಿ ಗಿರಿಧಾಮಕ್ಕೆ ದಾರಿ ಮಾಡಿದ ಹ್ಯೂ ಮ್ಯಾಲೆಟ್ ಆಗ ಥಾಣೆಯ ಕಲೆಕ್ಟರ್. ಆ ಲೆಕ್ಕಕ್ಕೆ ಇದು ಥಾಣೆಯದೇ ಸಂತಾನ. ಅಬ್ದುಲ್ ಹುಸೇನ್ ಪೀರ್‌ಭಾಯ್ ಎಂಬುವರು ತಂದೆ ಸರ್ ಆದಂಜಿ ಪೀರ್‌ಭಾಯ್ ಅವರ ದುಡ್ಡಿನಲ್ಲಿ, ಆ ಕಾಲದ 16 ಲಕ್ಷ ರೂಪಾಯಿ ಸುರಿದು, 1904ರಲ್ಲಿ ಕೆಲಸ ಶುರುಮಾಡಿ 1907ರಲ್ಲಿ ರೈಲು ಓಡಿಸಿದರು. 21 ಕಿಲೋಮೀಟರ್ ಹಳಿ. ಕೆಲವೆಡೆ ಪ್ರತಿ 20 ಅಡಿಗೆ ಒಂದಡಿ ಏರು. ತಿರುವುಗಳಂತೂ ಹಿಂದಿನ ಡಬ್ಬಿಯವರು ಮುಂದಿನ ಎಂಜಿನ್ನನ್ನು ಕಿಟಕಿಯಲ್ಲೇ ಕಾಣುವಷ್ಟು.

ಈ ತಿರುವಿಗಾಗಿಯೇ ಜರ್ಮನಿಯ ಓರೆನ್‌ಸ್ಟೈನ್ ಆ್ಯಂಡ್ ಕೊಪೆಲ್ ಕಂಪನಿ ನಾಲ್ಕು ಎಂಜಿನ್ ಮಾಡಿಕೊಟ್ಟಿತು. ಆರು ಗಾಲಿ, ಆರಕ್ಕೂ ಎಳೆಯುವ ಕೆಲಸ. ಮಾಮೂಲಿ ಎಂಜಿನ್ನಿನಲ್ಲಿ ಆರು ಗಾಲಿಗಳ ಅಚ್ಚುಗಳು ಗಟ್ಟಿ ಚೌಕಟ್ಟಿನಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ಕೂತಿರುತ್ತವೆ. ಬಿಗಿಯಾದ ತಿರುವಿನಲ್ಲಿ ಅವು ಹಳಿಯನ್ನು ಉಜ್ಜಿ ಉಜ್ಜಿ ಕೊನೆಗೆ ಹಳಿ ಬಿಟ್ಟೇ ಇಳಿಯಬಹುದು. ಮಾಥೇರಾನ್ ಎಂಜಿನ್ನಿನಲ್ಲಿ ಮೊದಲ ಮತ್ತು ಕೊನೆಯ ಅಚ್ಚುಗಳು ಟೊಳ್ಳು. ಟೊಳ್ಳಿನೊಳಗೆ ಇನ್ನೊಂದು ಗಟ್ಟಿ ಅಚ್ಚು. ಸಿಲಿಂಡರಿನ ಬಲ ರಾಡುಗಳ ಮೂಲಕ ಬರುವುದು ಒಳಗಿನ ಅಚ್ಚಿಗೆ. ಅದು ನಡುಮಧ್ಯದ ಗುಂಡುಕೀಲಿನ ಮೂಲಕ ಹೊರಗಿನ ಟೊಳ್ಳು ಅಚ್ಚನ್ನು ತಿರುಗಿಸುತ್ತದೆ. ಗಾಲಿಗಳಿರುವುದು ಹೊರಗಿನದಕ್ಕೆ. ಹೀಗಾಗಿ ಅವು ತಿರುಗುತ್ತಲೇ ಎಡಬಲಕ್ಕೆ ಓರೆಯಾಗಿ, ಒಂದಿಷ್ಟು ಸರಿದು, ತಿರುವಿಗೆ ಹೊಂದಿಕೊಳ್ಳುತ್ತವೆ. ಕ್ಲೈನ್-ಲಿಂಡ್ನರ್ ಅಚ್ಚು ಎಂದು ಇದರ ಹೆಸರು. ಹೊರಗಿನಿಂದ ನೋಡುವವರಿಗೆ ಇದರ ಸುಳಿವೇ ಹತ್ತುವುದಿಲ್ಲ. ಎಂಜಿನ್ ನಡೆದಾಗ ಮಾತ್ರ ಕಾಣುವ ಜಾಣತನ ಇದು, ಮುಂದಿನ ನನ್ನ ವಾದಕ್ಕೆ ಇದೇ ಆಧಾರ.

1982ರಲ್ಲಿ ಮಾಥೇರಾನ್ ಹಳಿಯಲ್ಲಿ ಉಗಿ ನಿಂತಿತು. ನಾಲ್ಕು ಎಂಜಿನ್‌ಗಳೂ ಚದುರಿದವು. ಒಂದು ದೆಹಲಿಯ ಸಂಗ್ರಹಾಲಯಕ್ಕೆ ಹೋಯಿತು, 740ನೇ ನಂಬರಿನದು ಸಮುದ್ರ ದಾಟಿ ಇಂಗ್ಲೆಂಡಿನ ಲೇಟನ್ ಬಜಾರ್ಡ್ ಎಂಬಲ್ಲಿಯ ಪುಟ್ಟ ರೈಲ್ವೆ ಸೇರಿತು. ಗುಡ್ಡದ ನಂಟು ಬಿಡದೆ ಉಳಿದವು ಕಟ್ಟೆ ಹತ್ತಿದವು. ಈ ಶತಮಾನದ ಆರಂಭದಲ್ಲಿ ಡಾರ್ಜಿಲಿಂಗ್ ಹಳಿಯಿಂದ ಬಿ ವರ್ಗದ 794ನೇ ಎಂಜಿನ್ ತರಿಸಿ ನೇರಳಿನಲ್ಲಿ ಉಗಿಯನ್ನು ಮತ್ತೆ ಚಿಗುರಿಸುವ ಯತ್ನವೂ ನಡೆಯಿತು.

ಈಗ ಕಟ್ಟೆಯ ಮಾತು. ಯಾವುದೇ ದೊಡ್ಡ ನಿಲ್ದಾಣದ ಹೊರಗೆ, ರೈಲ್ವೆ ಕಚೇರಿಯ ಅಂಗಳದಲ್ಲಿ ಕಪ್ಪು ಎಂಜಿನ್ ಒಂದು ಕೆಂಪು-ಬಿಳಿ ಪಟ್ಟಿ ಬಳಿಸಿಕೊಂಡು ನಿಂತಿರುತ್ತದೆ. ಗಾಲಿಗೆ ಬೆಳ್ಳಿಬಣ್ಣ. ಸುತ್ತ ಹುಲ್ಲು, ಸರಪಳಿ, ಫಲಕ. ಸ್ವಾತಂತ್ರ್ಯ ದಿನಾಚರಣೆ ಹತ್ತಿರ ಬಂತೆಂದರೆ ಹಳೆಯ ಬಣ್ಣದ ಮೇಲೆಯೇ ಹೊಸದೊಂದು ಪದರ. ಹೊರಗೆ ಇಷ್ಟು ಚೆಂದವಿದ್ದರೂ ಒಳಗೆ ನಡೆಯುವುದೇ ಬೇರೆ. ಬಾಯ್ಲರಿನ ಸುತ್ತ ಶಾಖ ಹೋಗದಂತೆ ಸುತ್ತಿದ ಹೊದಿಕೆಯಿರುತ್ತದೆ. ಹಳೆಯದಾದರೆ ಅದು ಆಸ್‌ಬೆಸ್ಟಾಸ್. ಥಾಣೆ ಕಡೆ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಅದೂ ನಾಲ್ಕು ತಿಂಗಳಲ್ಲಿ. ತಗಡಿನ ಸಂದಿಯಿಂದ ನೀರು ಇಳಿದು ಹೊದಿಕೆಯಲ್ಲಿ ನಿಂತರೆ ದೀಪಾವಳಿವರೆಗೂ ಆರುವುದಿಲ್ಲ. ಹೊಗೆಗೂಡಿನಲ್ಲಿ ಗುಡಿಸದೆ ಬಿಟ್ಟ ಬೂದಿಯಲ್ಲಿ ಗಂಧಕದ ಅಂಶವಿರುತ್ತದೆ. ಚಿಮಣಿಯಿಂದ ಸುರಿದ ಮಳೆನೀರು ಅದಕ್ಕೆ ಸೇರಿ ಆಮ್ಲವಾಗಿ ತಳದ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗ ಒಳಗೆ ಬೆರಳು ಚುಚ್ಚಿದರೆ ತೂರಿಹೋಗುವ ಸ್ಥಿತಿ. ಇದರ ಮೇಲೆ ಕಳ್ಳರ ಕಾಟ. ಹಿತ್ತಾಳೆಯ ಇಂಜೆಕ್ಟರ್, ತಾಮ್ರದ ಕೊಳವೆ, ಗೇಜುಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಫೇರಿ ಕ್ವೀನಿಗೇ ಈ ಕಾಟ ತಪ್ಪಲಿಲ್ಲ. 2011ರಲ್ಲಿ ಬಿಡಿಭಾಗಗಳು ಕಳುವಾಗಿ, ಚೆನ್ನೈನ ಪೆರಂಬೂರಿನಲ್ಲಿ ದುರಸ್ತಿಯಾಗಿ ಮತ್ತೆ ಓಡಲು 2017 ಬಂತು.

ಹಾಗಾಗಿ ಮೊದಲ ಬೇಡಿಕೆ ಸರಳ: ಎಂಜಿನ್ನಿನ ತಲೆಯ ಮೇಲೆ ಸೂರು. ಚಿಮಣಿಗೊಂದು ಮುಚ್ಚಳ. ಬೂದಿ ಗುಡಿಸುವುದು. ಹೊದಿಕೆ ಬಿಚ್ಚಿ, ಆಸ್‌ಬೆಸ್ಟಾಸನ್ನು ಬಲ್ಲವರ ಕೈಯಿಂದ ತೆಗೆಸಿ, ಲೋಹವನ್ನು ಒಣಗಿಸುವುದು. ಉದ್ಘಾಟನೆಗೆ ಯೋಗ್ಯವಾದ ಕೆಲಸವಲ್ಲವಾದ್ದರಿಂದ ಇದು ನಡೆಯುವುದು ಕಡಿಮೆ.

ಎಂಜಿನ್ನಿಗೆ ಮತ್ತೆ ಬೆಂಕಿ ಹಾಕುವುದೆಂದರೆ ಮುಖ್ಯವಾಗಿ ಬಾಯ್ಲರಿನ ಕೆಲಸ. ಗಾಲಿ, ರಾಡು, ಬೇರಿಂಗು ಇವೆಲ್ಲ ಒಳ್ಳೆಯ ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಆಗುವಂಥವು. ಬಾಯ್ಲರ್ ಹಾಗಲ್ಲ. ದೇಶದ ಮೇಲ್ ರೈಲುಗಳನ್ನು ಎಳೆದ ಡಬ್ಲ್ಯೂಪಿ ಎಂಜಿನ್ನಿನ ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 210 ಪೌಂಡು ಒತ್ತಡವಿರುತ್ತಿತ್ತು, ಕಾರಿನ ಟೈರಿನಲ್ಲಿರುವುದರ ಆರು ಪಟ್ಟು. ಹಿಂಭಾಗದಲ್ಲಿ ಬೆಂಕಿ ಉರಿಯುವ ಪೆಟ್ಟಿಗೆ, ಅದೇ ಫೈರ್‌ಬಾಕ್ಸ್. ಅದರ ಸುತ್ತ, ತಲೆಯ ಮೇಲೂ, ನೀರು. ಒಳಗೋಡೆ ಹೊರಗೋಡೆಗಳ ನಡುವೆ ಕೈ ತೂರುವಷ್ಟೇ ಜಾಗ, ಅದರಲ್ಲೂ ನೀರು. ಒತ್ತಡಕ್ಕೆ ಈ ಗೋಡೆಗಳು ಉಬ್ಬದಂತೆ ಹಿಡಿದಿಡುವುದು ನೂರಾರು ಗಿಡ್ಡ ಸರಳುಗಳು, ಶೆಡ್ಡಿನವರ ಬಾಯಲ್ಲಿ ಸ್ಟೇ. ಈ ಸರಳಿನ ನಟ್ಟನಡುವೆ ಹೊರಗಿನಿಂದ ಸಣ್ಣ ತೂತು ಕೊರೆದಿರುತ್ತಾರೆ. ಸರಳು ಒಳಗೇ ಮುರಿದರೆ ಆ ತೂತಿನಿಂದ ಹಬೆ ಸುಯ್ಯೆಂದು ಹೊರಬರುತ್ತದೆ. ಕಣ್ಣಿಗೆ ಕಾಣದ ಗಾಯ ಹೀಗೆ ತಾನೇ ದೂರು ಹೇಳಿಕೊಳ್ಳುತ್ತದೆ. ಹಳೆಯ ಬಾಯ್ಲರ್ ಮೇಸ್ತ್ರಿಗಳು ಸುತ್ತಿಗೆಯಿಂದ ಒಂದೊಂದೇ ಸ್ಟೇ ತಟ್ಟಿ ನಾದದಲ್ಲೇ ಗುರುತಿಸುತ್ತಿದ್ದರು. ಗಟ್ಟಿ ಇದ್ದದ್ದು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ದಡ್ ಎನ್ನುತ್ತದೆ. ಇಂದು ಅಲ್ಟ್ರಾಸೌಂಡ್ ಯಂತ್ರ ಹಿಡಿದು ತಗಡಿನ ದಪ್ಪ ಅಳೆಯಬಹುದು, ಒಳ್ಳೆಯದೇ. ಸುತ್ತಿಗೆ ಹಿಡಿದ ಕಿವಿಯನ್ನು ಮಾತ್ರ ಯಂತ್ರ ಕಲಿಸಿಕೊಡುವುದಿಲ್ಲ.

ಫೈರ್‌ಬಾಕ್ಸಿನ ನೆತ್ತಿಯ ತಗಡಿಗೆ ಸೀಸ ತುಂಬಿದ ಒಂದು ಬಿರಡೆ ತಿರುಚಿರುತ್ತಾರೆ. ಡ್ರೈವರ್ ಮೈಮರೆತು ನೀರು ತಗ್ಗಿ ನೆತ್ತಿ ಬರಿದಾದರೆ, ಆ ತಗಡು ಕೆಂಪಗೆ ಕಾದು ಕುಸಿಯುವ ಮೊದಲೇ ಸೀಸ ಕರಗಿ ಹಬೆ ನುಗ್ಗಿ ಬೆಂಕಿಯನ್ನು ಅಡಗಿಸಬೇಕು. ಇಷ್ಟು ಎಚ್ಚರ ಏಕೆಂದು ಡೊಂಬಿವಲಿಯವರಿಗೆ ವಿವರಿಸಬೇಕಿಲ್ಲ. ಕಾರ್ಖಾನೆ ಸ್ಫೋಟದ ಸದ್ದಿಗೆ ಕಿಟಕಿಯ ಗಾಜು ಒಡೆದದ್ದು ಕಂಡ ಊರು ಅದು.

ದುರಸ್ತಿಯಲ್ಲಿ ಹಳೆಯ ಟ್ಯೂಬುಗಳನ್ನೆಲ್ಲ ಕಿತ್ತು, ಒಳಗೆ ಕಟ್ಟಿದ ಸುಣ್ಣದ ಹರಳನ್ನು ಕೆರೆದು, ತೆಳುವಾದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದು, ಹೊಸ ಟ್ಯೂಬುಗಳನ್ನು ತೂರಿಸಿ ಬಾಯಿ ಹಿಗ್ಗಿಸಿ ಕೂರಿಸುತ್ತಾರೆ. ಮೊದಲ ಪರೀಕ್ಷೆ ತಣ್ಣೀರಿನಲ್ಲಿ. ಬಾಯ್ಲರ್ ತುಂಬ ನೀರು ತುಂಬಿ, ಓಡುವಾಗ ಬರುವುದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು, ಎಲ್ಲಿ ಜಿನುಗುತ್ತದೆ ನೋಡುವುದು. ತಣ್ಣೀರೇ ಏಕೆ? ನೀರು ಕುಗ್ಗುವ ವಸ್ತುವಲ್ಲ. ಎಲ್ಲಾದರೂ ಸೀಳಿದರೆ ಒತ್ತಡ ತಟ್ಟನೆ ಇಳಿದುಬಿಡುತ್ತದೆ, ಯಾರ ಪ್ರಾಣಕ್ಕೂ ಸಂಚಕಾರವಿಲ್ಲ. ಅದೇ ಜಾಗದಲ್ಲಿ ಹಬೆಯಿದ್ದರೆ ನೀರಿಗಿಂತ 1600 ಪಟ್ಟು ಹಿಗ್ಗುವ ಕೋಪ ಅದರದು. ತಣ್ಣೀರಿನಲ್ಲಿ ಪಾಸಾದ ಮೇಲೆ ಬೆಂಕಿ, ಅದೂ ನಿಧಾನ. ದೊಡ್ಡ ಎಂಜಿನ್ನನ್ನು ತಣ್ಣಗಿನ ಸ್ಥಿತಿಯಿಂದ ಎಬ್ಬಿಸಲು ಇಡೀ ರಾತ್ರಿ ಬೇಕು. ಅವಸರ ಮಾಡಿದರೆ ಒಂದು ಕಡೆ ಲೋಹ ಹಿಗ್ಗಿ ಇನ್ನೊಂದು ಕಡೆ ತಣ್ಣಗಿದ್ದು ಟ್ಯೂಬುಗಳ ಬಾಯಿ ಸಡಿಲವಾಗುತ್ತದೆ. ಕೆಲಸ ಮುಗಿದ ಮೇಲೂ ಕಾಲಕಾಲಕ್ಕೆ ಬಾಯ್ಲರ್ ತೊಳೆಯುವುದು, ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ ನೋಡುವುದು ತಪ್ಪದು. ಇಂಗ್ಲೆಂಡಿನಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಹೆಸರಾಂತ ಎಂಜಿನ್ನಿನ ಇಂಥ ದುರಸ್ತಿ 2006ರಿಂದ 2016ರವರೆಗೆ ನಡೆದು 42 ಲಕ್ಷ ಪೌಂಡು ನುಂಗಿತು.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಅದು ಹಳೆಯ ಎಂಜಿನ್ನೇ ಹೌದೇ ಎಂದು ಕೆಲವರು ತಕರಾರು ತೆಗೆಯುತ್ತಾರೆ. ವರ್ಕ್‌ಶಾಪಿನ ರೂಢಿ ಗೊತ್ತಿದ್ದವರು ಈ ಪ್ರಶ್ನೆಗೆ ನಕ್ಕುಬಿಡುತ್ತಾರೆ. ಉಗಿಯ ಕಾಲದಲ್ಲೇ ದೊಡ್ಡ ರಿಪೇರಿಗೆ ಬಂದ ಎಂಜಿನ್ನಿನ ಬಾಯ್ಲರ್ ಇಳಿಸಿ, ಮೊದಲೇ ಸಿದ್ಧವಾಗಿದ್ದ ಇನ್ನೊಂದನ್ನು ಹೊರಿಸಿ ಕಳಿಸುತ್ತಿದ್ದರು. ಒಂದೇ ಎಂಜಿನ್ ಜೀವಮಾನದಲ್ಲಿ ಮೂರು ನಾಲ್ಕು ಬಾಯ್ಲರ್ ಹೊತ್ತದ್ದುಂಟು. ನಂಬರ್ ಪ್ಲೇಟು ಚೌಕಟ್ಟಿನ ಜತೆ ಉಳಿಯುತ್ತಿತ್ತು, ಅಷ್ಟೇ. ನನ್ನ ಅಭಿಪ್ರಾಯ ಹೇಳುವುದಾದರೆ, ಜಗತ್ತಿನಲ್ಲಿ ಒಂದೇ ಉಳಿದ ಯಂತ್ರವಾದರೆ ಅದರ ಲೋಹವನ್ನು ಮುಟ್ಟಬಾರದು, ಸೂರಿನಡಿ ಇಡಬೇಕು. ಒಂದೇ ಬಗೆಯವು ನಾಲ್ಕಿದ್ದರೆ ಒಂದಕ್ಕಾದರೂ ಬೆಂಕಿ ಹಾಕಬೇಕು. ಮಾಥೇರಾನ್ ಎಂಜಿನ್‌ಗಳು ಎರಡನೆಯ ಜಾತಿಗೆ ಸೇರಿದವು. ಕ್ಲೈನ್-ಲಿಂಡ್ನರ್ ಅಚ್ಚಿನ ಜಾಣತನ ನಿಂತ ಎಂಜಿನ್ನಿನಲ್ಲಿ ಕಬ್ಬಿಣದ ತುಂಡು ಮಾತ್ರ.

ಇಷ್ಟು ಕಷ್ಟ ಏಕೆಂದು ಇತ್ತೀಚೆಗೆ ಸುಲಭದ ದಾರಿಯೊಂದನ್ನು ಹುಡುಕಿದ್ದಾರೆ. 2023ರ ಅಕ್ಟೋಬರ್ 31ರಂದು ಗುಜರಾತಿನ ಏಕತಾನಗರ ಮತ್ತು ಅಹಮದಾಬಾದ್ ನಡುವೆ ಪಾರಂಪರಿಕ ರೈಲೊಂದಕ್ಕೆ ಚಾಲನೆ ಸಿಕ್ಕಿತು. ನೋಡಲು ಥೇಟ್ ಉಗಿಬಂಡಿ, ಒಳಗೆ ವಿದ್ಯುತ್ ಎಂಜಿನ್. ಮಕ್ಕಳು ಖುಷಿಪಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಯಕ್ಷಗಾನದಲ್ಲಿ ಕಿರೀಟ ಕಟ್ಟಿದವನು ರಾಜನೆಂದು ನಾವು ರಾತ್ರಿಯಿಡೀ ಒಪ್ಪುತ್ತೇವೆ, ಆದರೆ ಅವನಿಗೆ ಕಂದಾಯ ಕಟ್ಟಲು ಹೋಗುವುದಿಲ್ಲ. ಪರಂಪರೆ ಉಳಿಸಿದ ಲೆಕ್ಕಕ್ಕೆ ಈ ವೇಷವನ್ನು ಬರೆಯದಿದ್ದರೆ ಸಾಕು. ಅದನ್ನು ಓಡಿಸಲು ಫೈರ್‌ಮನ್ ಬೇಡ, ಬಾಯ್ಲರ್ ಮೇಸ್ತ್ರಿ ಬೇಡ, ಕಲಿಯುವವರೂ ಹುಟ್ಟುವುದಿಲ್ಲ.

ಹಾಗಾದರೆ ನಿಜವಾದ ಉಗಿ ಎಂಜಿನ್ನನ್ನು ವರ್ಷಕ್ಕೊಮ್ಮೆ, ಏಪ್ರಿಲ್ 16ರಂದು, ಮುಂಬಯಿಯಿಂದ ಥಾಣೆಗೆ ಓಡಿಸಬಾರದೇಕೆ? ಕೇಳಲು ಇಂಪಾದ ಸಲಹೆ, ನಡೆಸಲು ಕಠಿಣ. ನಮ್ಮ ಹಳಿಗಳ ಮೇಲಿನ ತಂತಿಯಲ್ಲಿ ಈಗ 25,000 ವೋಲ್ಟ್ ಹರಿಯುತ್ತದೆ. ಮಸಿ ಇನ್ಸುಲೇಟರಿಗೆ ಹತ್ತಿದರೆ ಮಳೆಗಾಲದಲ್ಲಿ ಕಿಡಿ ಹಾರುತ್ತದೆ. ನೀರು ತುಂಬಲು ಟೆಂಡರಿನ ಮೇಲೆ ಹತ್ತಿದವನ ತಲೆಗೂ ತಂತಿಗೂ ಹೆಚ್ಚು ಅಂತರವಿಲ್ಲ. ಹಳೆಯ ಎಂಜಿನ್ನಿನ ಬ್ರೇಕು ವ್ಯಾಕ್ಯೂಮ್, ಇಂದಿನ ಡಬ್ಬಿಗಳದು ಗಾಳಿಯ ಬ್ರೇಕು. ನೀರಿನ ಕಂಬ, ಬೂದಿ ಗುಂಡಿ, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಎಲ್ಲ ಕಿತ್ತುಹಾಕಿ ಎಷ್ಟೋ ಕಾಲವಾಯಿತು. ಎಲ್ಲಕ್ಕಿಂತ ಮಿಗಿಲಾಗಿ ಜಾಗ ಎಲ್ಲಿದೆ? ಮಧ್ಯ ರೈಲ್ವೆ ದಿನಕ್ಕೆ ಸುಮಾರು 1800 ಲೋಕಲ್ ಓಡಿಸುತ್ತದೆ. ಥಾಣೆ-ದಿವಾ ನಡುವಿನ ಐದನೆಯ, ಆರನೆಯ ಹಳಿಗಳು 2022ರಲ್ಲಿ ಸಿಕ್ಕವು, ಅಷ್ಟರಲ್ಲೇ ತುಂಬಿಯೂ ಹೋದವು. ಉಗಿ ಎಂಜಿನ್ ಮುಂಬ್ರಾದಲ್ಲಿ ಕೈಕೊಟ್ಟಿತೆಂದು 8.14ರ ಫಾಸ್ಟ್ ನಿಂತರೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಪರಂಪರೆಯ ಬಗ್ಗೆ ಏನೇನು ಮಾತು ಕೇಳಬೇಕಾದೀತೋ!

ನೇರಳಿನ ಹಳಿಯಲ್ಲಿ ಈ ತೊಡಕುಗಳು ಒಂದೂ ಇಲ್ಲ. ಮೇಲೆ ತಂತಿಯಿಲ್ಲ, ವೇಗದ ಹಂಗಿಲ್ಲ, ಶೆಡ್ ಇದೆ. ದಾರಿಯಲ್ಲಿ ವಾಟರ್ ಪೈಪ್ ಎಂಬ ನಿಲ್ದಾಣವೇ ಇದೆ. ಏರು ಹತ್ತಿ ಬಾಯಾರಿದ ಎಂಜಿನ್‌ಗಳು ನೀರು ಕುಡಿಯುತ್ತಿದ್ದ ತಾಣವದು. ಹಳಿಯೇ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಕೈಕೆಲಸದವರು ಎಲ್ಲಿಂದ ಬರಬೇಕು ಎಂಬ ಚಿಂತೆಗೂ ಉತ್ತರ ದೂರವಿಲ್ಲ. ನೀಲಗಿರಿ ಹಳಿಗೆ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆ 2011ರಿಂದೀಚೆಗೆ ಹೊಚ್ಚಹೊಸ ಉಗಿ ಎಂಜಿನ್‌ಗಳನ್ನೇ ಮಾಡಿಕೊಟ್ಟಿದೆ, ಆದ್ದರಿಂದ ವಿದ್ಯೆ ದೇಶದಲ್ಲಿ ಸತ್ತಿಲ್ಲ. ಇನ್ನು ನಮ್ಮ ಸುತ್ತ ನೋಡಿ. ಡೊಂಬಿವಲಿಯ ಎಂಐಡಿಸಿಯಲ್ಲಿ, ಅಂಬರನಾಥದಲ್ಲಿ, ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ, ತಳೋಜದಲ್ಲಿ ಬಣ್ಣ, ಔಷಧ, ರಾಸಾಯನಿಕದ ಕಾರ್ಖಾನೆಗಳು ಓಡುವುದೇ ಹಬೆಯ ಮೇಲೆ. ಸರ್ಕಾರದ ಪರೀಕ್ಷೆ ಪಾಸಾದ ಬಾಯ್ಲರ್ ಅಟೆಂಡೆಂಟ್‌ಗಳು, ಟ್ಯೂಬು ಹಿಗ್ಗಿಸಬಲ್ಲ ಫಿಟ್ಟರ್‌ಗಳು, ಒತ್ತಡ ತಡೆಯುವ ಬೆಸುಗೆ ಹಾಕಬಲ್ಲ ವೆಲ್ಡರ್‌ಗಳು ಇಷ್ಟು ದಟ್ಟವಾಗಿರುವ ಪ್ರದೇಶ ದೇಶದಲ್ಲಿ ಹೆಚ್ಚಿಲ್ಲ. ವೇಲ್ಸ್‌ನ ಬ್ಯಾರಿ ಎಂಬ ಊರಿನ ಗುಜರಿ ಅಂಗಳದಿಂದ 213 ಎಂಜಿನ್‌ಗಳನ್ನು ಬ್ರಿಟಿಷರು ಉಳಿಸಿಕೊಂಡದ್ದು ಇಂಥವರಿಂದಲೇ, ಅಂದರೆ ವಾರವಿಡೀ ಬೇರೆ ನೌಕರಿ ಮಾಡಿ ಶನಿವಾರ ಭಾನುವಾರ ಮೈ ಮಸಿ ಮಾಡಿಕೊಂಡವರಿಂದ. ನಮ್ಮ ರೈಲ್ವೆಗೆ ಹೊರಗಿನವರನ್ನು ಶೆಡ್ಡಿನೊಳಗೆ ಬಿಡುವ ಅಭ್ಯಾಸವಿಲ್ಲ. ಕಷ್ಟವಿರುವುದು ಅಲ್ಲಿ.

ಸಮಯದ ಮಾತು ಕೂಡ ಹೇಳಿಬಿಡುತ್ತೇನೆ. ಪ್ರತಿವರ್ಷ ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮಳೆಯ ಕಾರಣಕ್ಕೆ ನೇರಳ್‌ನಿಂದ ಅಮನ್ ಲಾಡ್ಜ್‌ವರೆಗಿನ ರೈಲು ನಿಲ್ಲುತ್ತದೆ. ಮೇಲೆ ಅಮನ್ ಲಾಡ್ಜ್ ಮತ್ತು ಮಾಥೇರಾನ್ ನಡುವೆ ಮಾತ್ರ ಶಟಲ್. ನೇರಳ್ ಶೆಡ್ಡಿನ ಕೈ ಬಿಡುವಾಗುವ ನಾಲ್ಕು ತಿಂಗಳು ಅವು. ಒಂದು ಎಂಜಿನ್ನನ್ನು ಸೂರಿನಡಿಗೆ ತಂದು, ಹೊದಿಕೆ ಬಿಚ್ಚಿ, ಬಾಯ್ಲರಿನ ತಗಡು ಎಷ್ಟು ದಪ್ಪ ಉಳಿದಿದೆಯೆಂದು ಅಳೆಯಲು ಮೊದಲ ಮಳೆಗಾಲ ಸಾಕು. ಆ ಅಳತೆ ಕೈಗೆ ಬಂದಮೇಲೆ ಖರ್ಚಿನ ಅಂದಾಜನ್ನು ಯಾರು ಬೇಕಾದರೂ ಬರೆಯಬಹುದು.